ಜರಡಿ ಅತ್ತೆಯ ಮೀನು ಯಾವ ಕಡೆ ಹೋದ್ವು

ನಮ್ಮ ಅತ್ತೆ ಬಗ್ಗೆ ಹೇಳ್ಬೇಕು ಅಂದ್ರೆ ಅವಳ ಬಲಗೈ ತೋರುಬೆರಳಿಂದಾನೇ ಶುರು ಮಾಡ್ಬೇಕು. ಆ ಬೆರಳಲ್ಲಿ ಅವಳು ಕಂಡಿದ್ದನ್ನೆಲ್ಲ ತಟ್ಟಿ ನೋಡ್ತಾಳೆ. ಬಾಗಿಲು, ಪಾತ್ರೆ, ಕುರ್ಚಿ, ನನ್ನ ತಲೆ.

ಅತ್ತೆ ಅಂದ್ರೆ ಅಪ್ಪನ ಅಕ್ಕ. ಜರಡಿ ಮಾಡೋದು ಅವಳ ಕೆಲಸ. ಹಿಟ್ಟಿನ ಜರಡಿ, ಕಾಳಿನ ಜರಡಿ, ಮನೆ ಕಟ್ಟೋರು ಮರಳು ಸೋಸ್ತಾರಲ್ಲ, ಆ ದೊಡ್ಡ ಜರಡಿ. ತೆಳ್ಳಗಿನ ಮರದ ಪಟ್ಟೀನ ದುಂಡಗೆ ಬಗ್ಗಿಸಿ, ಅದರ ಮೇಲೆ ತಂತಿ ಬಲೆ ಬಿಗಿಯಾಗಿ ಎಳೆದು, ಸುತ್ತಲೂ ತಗಡು ಇಟ್ಟು ಮೊಳೆ ಹೊಡೀತಾಳೆ. ಎಲ್ಲ ಮುಗಿದ ಮೇಲೆ ಬಲೆ ನಡುವೆ ಬೆರಳಲ್ಲಿ ಒಂದು ಸಲ 'ಟಪ್' ಅಂತ ತಟ್ಟಿ, ಕಿವಿ ಕೊಟ್ಟು ಕೇಳ್ತಾಳೆ. ಸದ್ದು ಸರಿ ಬಂತಾ, ಜರಡಿ ಗೋಡೆಗೆ ಹೋಯ್ತು. ಬರ್ಲಿಲ್ವಾ, ಮೊಳೆ ಕಿತ್ತು ಮತ್ತೆ ಮೊದಲಿಂದ. ನನಗಂತೂ ಎರಡೂ ಒಂದೇ ಥರ ಕೇಳಿಸುತ್ತೆ. ಹಾಗಂದ್ರೆ, "ನಿನಗೆ ದೇವರು ಕಿವಿ ಕೊಟ್ಟಿರೋದು ಇಯರ್‌ಫೋನ್ ಸಿಕ್ಕಿಸೋಕೆ ಕಣೇ" ಅಂತಾಳೆ. ಬೀದಿಗೆಲ್ಲ ಅವಳು ಜರಡಿ ಅಕ್ಕ, ನನಗೆ ಜರಡಿ ಅತ್ತೆ. ಅವಳಿಗೆ ನಾನು ರೇಡಿಯೋ. ಯಾಕೆ ಅಂತ ನಿಮಗೆ ಇಷ್ಟರಲ್ಲೇ ಗೊತ್ತಾಗಿರುತ್ತೆ.

ಅವಳು ಕೆಲಸ ಮಾಡೋ ಕೋಣೆ ಉದ್ದಕ್ಕೆ, ಕಿರಿದಾಗಿ, ರೈಲು ಡಬ್ಬಿ ಥರ ಇದೆ. ಕಿಟಕಿ ಒಂದೇ. ಅದಕ್ಕೂ ನಾಲ್ಕು ಜರಡಿ ನೇತು ಹಾಕಿದಾಳೆ. ಬೆಳಿಗ್ಗೆ ಬಿಸಿಲು ಅದರೊಳಗಿಂದ ತೂರಿ ಬಂದು ನೆಲದ ತುಂಬ ಚುಕ್ಕಿ ಚುಕ್ಕಿ ಬೀಳುತ್ತೆ. ಹೊಸದಾಗಿ ಬಂದೋರು ಒಳಗೆ ಕಾಲಿಡೋಕೆ ಹಿಂದೆ ಮುಂದೆ ನೋಡ್ತಾರೆ, ಏನೋ ಚೆಲ್ಲಿದೆ ಅಂದ್ಕೊಂಡು.

ಆ ಕೋಣೆ ಹಿಂದಿನ ಬಾಗಿಲು ತೆಗೆದ್ರೆ ಹೊಂಡ. ಈ ಕತೆ ಇರೋದೇ ಅಲ್ಲಿ.

ಮೊದಲು ಅದು ಹೊಂಡಾನೂ ಅಲ್ಲ, ಬರೀ ತಗ್ಗು. ಮೇಲಿನ ಬೀದಿಯ ಮಳೆ ನೀರು ಚರಂಡಿ ಹಿಡಿದು ಬಂದು ಆ ತಗ್ಗಿಗೆ ಬಿದ್ದು, ಇನ್ನೊಂದು ಕಡೆಯಿಂದ ಕೆಳಗಿನ ಹಳ್ಳಕ್ಕೆ ಹೋಗ್ತಿತ್ತು. ಮರದ ಪಟ್ಟಿ ಬಗ್ಗಬೇಕು ಅಂದ್ರೆ ಎರಡು ದಿನ ನೀರಲ್ಲಿ ನೆನೀಬೇಕು. ಅದಕ್ಕೇ ಅಂತ ಅತ್ತೆ ತಗ್ಗಿನ ಕೆಳಗಡೆ ಕಲ್ಲು, ಜೇಡಿಮಣ್ಣು ಹಾಕಿ ಒಂದು ಒಡ್ಡು ಕಟ್ಟಿದ್ಲು. ಹೆಚ್ಚಾದ ನೀರು ಹೊರಗೆ ಹೋಗೋಕೆ ಒಡ್ಡಿನ ಒಂದು ಮೂಲೇಲಿ ಬಾಗಿಲಗಲ ಜಾಗ ಬಿಟ್ಟು, ಅಲ್ಲಿಂದ ಹಳ್ಳದ ತನಕ ಇಳಿಜಾರಾಗಿ ಚಪ್ಪಡಿ ಹಾಸಿದ್ಲು. ಅದು ಕೋಡಿ. ನೀರು ನಿಂತ ಮೇಲೆ ಸೊಳ್ಳೆ ಬಂದ್ವು. ಸೊಳ್ಳೆ ಮರಿ ತಿನ್ಲಿ ಅಂತ ನಾಲ್ಕು ಮೀನು ಬಿಟ್ಲು. ಆಮೇಲೆ ಏನಾಯ್ತೋ ಗೊತ್ತಿಲ್ಲ, ಪಟ್ಟಿ ನೆನೆಸೋಕೆ ಹೋದೋಳು ಒಂದು ಗಂಟೆ ಆದ್ರೂ ಒಳಗೆ ಬರ್ತಿರ್ಲಿಲ್ಲ. "ಏನ್ ಮಾಡ್ತಿದ್ದೆ ಅತ್ತೆ?" ಅಂದ್ರೆ, "ಅವು ನಿದ್ದೆ ಮಾಡ್ತವಾ ಇಲ್ವಾ ಅಂತ ನೋಡ್ತಿದ್ದೆ" ಅಂತಿದ್ಲು. ನಾಲ್ಕು ಹೋಗಿ ನೂರು ಆಯ್ತು. ಗೆಂಡೆ ಅಂತ ಸಾಕೋ ಮೀನಿನ ಮರಿ ತಂದು ತಂದು ಬಿಟ್ಲು.

ಆದ್ರೆ ಮೊದಲ ದೊಡ್ಡ ಮಳೆ ಬಂದ ದಿನ ಎಲ್ಲ ಮಾಯ! ಕೋಡಿ ಹಾಗೇ ತೆರೆದಿತ್ತಲ್ಲ, ಅಲ್ಲಿಂದಾನೇ ಹೋದ್ವು ಅಂತ ಎಲ್ಲರೂ ಅಂದ್ರು. ಮುಂದಿನ ವರ್ಷ ಅತ್ತೆ ಕೋಡಿಗೆ ಸಣ್ಣ ಕಣ್ಣಿನ ಬಲೆ ನೆಟ್ಟಗೆ ನಿಲ್ಲಿಸಿದ್ಲು. ಮಳೆಗೆ ಎಲೆ, ಕಡ್ಡಿ, ಪ್ಲಾಸ್ಟಿಕ್ ಎಲ್ಲ ಬಂದು ಅದಕ್ಕೆ ಅಂಟಿಕೊಂಡು, ನೀರು ಹೋಗೋಕೆ ದಾರಿ ಇಲ್ಲದೆ ಏರಿ, ಒಡ್ಡಿನ ಮೇಲೆ ಹರಿದು, ಒಂದು ಕಡೆ ಒಡ್ಡೇ ಕೊಚ್ಚಿಹೋಯ್ತು. ಆ ವರ್ಷವೂ ಮೀನಿಲ್ಲ.

ಇಲ್ಲಿ ನಮ್ಮಪ್ಪ ಬರ್ತಾರೆ. ಅಪ್ಪನ ಹತ್ರ ಎರಡು ಟೆಂಪೋ ಇದಾವೆ. ನಿಲ್ಲಿಸೋಕೆ ಜಾಗ ಇಲ್ಲ. ಬೀದೀಲಿ ನಿಲ್ಲಿಸಿದ್ರೆ ದಿನಾ ಯಾರಾದ್ರೂ ಹಾರ್ನ್ ಹೊಡೀತಾರೆ, ಬಯ್ತಾರೆ. ಅಪ್ಪನ ಕಣ್ಣು ಆ ತಗ್ಗಿನ ಮೇಲೆ ಮೊದಲಿಂದಾನೂ ಇತ್ತು. ಜಾಗ ತಾತಂದು, ಅಂದ್ರೆ ಇಬ್ಬರದ್ದೂ.

"ಅಕ್ಕ, ನೀನು ಮೀನು ಸಾಕ್ತಾ ಇಲ್ಲ," ಅಂದ್ರು ಒಂದು ದಿನ, ಊಟಕ್ಕೆ ಕೂತಾಗ. "ಮೀನಿಗೆ ಬಸ್ ಸ್ಟ್ಯಾಂಡ್ ನಡೆಸ್ತಿದ್ದೀಯ. ಬರ್ತವೆ, ನಾಲ್ಕು ದಿನ ಇರ್ತವೆ, ಹೋಗ್ತವೆ. ಅದರ ಬದಲು ನನ್ನ ಟೆಂಪೋ ನಿಲ್ಲಿಸೋಣ. ಅದಾದ್ರೂ ಮಳೆಗೆ ಎಲ್ಲೂ ಹೋಗಲ್ಲ."

"ಇನ್ನೊಂದು ಸಲ ನೋಡ್ತೀನೋ."

"ಎಷ್ಟು ಸಲ ಅಕ್ಕ?"

ಅತ್ತೆ ಅನ್ನ ಕಲಸೋದು ನಿಲ್ಲಿಸಿ ನೆಟ್ಟಗೆ ನೋಡಿದ್ಲು. "ಇದೊಂದೇ. ಮುನ್ನೂರು ಮರಿ ಬಿಡ್ತೀನಿ. ಮೊದಲ ದೊಡ್ಡ ಮಳೆ ಆದ ಮೇಲೆ ನೀನೇ ಬಲೆ ಎಳೆದು ಎಣಿಸು. ಅರ್ಧಕ್ಕರ್ಧ, ನೂರೈವತ್ತು ಮೀನು ಸಿಕ್ಕಿದ್ರೆ ಹೊಂಡದ ಸುದ್ದಿ ಎತ್ತಬಾರದು. ಸಿಗ್ಲಿಲ್ಲಾಂದ್ರೆ ಮಣ್ಣು ಹಾಕ್ಸು. ನಾನು ಬಾಯಿ ತೆಗೆಯಲ್ಲ."

ಅಮ್ಮ ನನ್ನ ಮುಖ ನೋಡಿದ್ಲು, ನಾನು ಅಮ್ಮನ ಮುಖ ನೋಡಿದೆ. ಅತ್ತೆ ಮಾತು ಕೊಟ್ರೆ ಮುಗೀತು, ಜಪ್ಪಯ್ಯ ಅಂದ್ರೂ ತಿರುಗಲ್ಲ.

ಈಗ ಅತ್ತೆ ತಲೆ ಓಡಿಸಿದ್ದು ಕೇಳಿ. "ಜರಡಿ ಅಲ್ಲಾಡಿಸದೆ ಹಿಟ್ಟು ಸುರೀತಾ ಹೋದ್ರೆ ಏನಾಗುತ್ತೆ?" ಅಂತ ನನ್ನ ಕೇಳಿದ್ಲು.

"ಕಟ್ಕೊಳ್ಳುತ್ತೆ."

"ಕಳೆದ ಸಲ ನಾನು ಮಾಡಿದ್ದೂ ಅದನ್ನೇ. ಜೀವಮಾನ ಪೂರ್ತಿ ಜರಡಿ ಮಾಡಿದೋಳು, ನೀರಿಗೆ ಮಾಡುವಾಗ ಎಲ್ಲ ಮರೆತೆ ನೋಡು." ಅಂತ ಬಾಗಿಲಷ್ಟು ದೊಡ್ಡ ಜರಡಿ ಮಾಡಿದ್ಲು. ಗಟ್ಟಿ ಮರದ ಚೌಕಟ್ಟು, ದಪ್ಪ ತಂತಿ, ಬೆರಳು ತೂರೋವಷ್ಟು ಕಣ್ಣು. ಅದನ್ನ ನೆಟ್ಟಗೆ ನಿಲ್ಲಿಸ್ಲಿಲ್ಲ, ಏಣಿ ಒರಗಿಸಿದ ಹಾಗೆ ಓರೆಯಾಗಿ ಇಟ್ಲು. ನೀರು ಕೆಳಗಿಂದ ಸಲೀಸಾಗಿ ಹೋಗುತ್ತೆ, ಕಸ ಮಾತ್ರ ನೀರಿನ ಒತ್ತಡಕ್ಕೆ ಮೇಲಕ್ಕೆ ಜಾರಿ ಹೋಗುತ್ತೆ. ಮೇಲೆ ಒಂದು ಹಿಡಿ ಬೇರೆ. ಆಗಾಗ ಹಿಡಿದು ಅಲ್ಲಾಡಿಸಿದ್ರೆ ಅಂಟಿದ್ದೂ ಬಿಡುತ್ತೆ. ಒಂದು ತಿಂಗಳು ಅದಕ್ಕೇ ಹಿಡೀತು. ಹಿಟ್ಟಿನ ಗಿರಣಿಯವನು ಎರಡು ಸಲ ಬಂದು ತನ್ನ ಜರಡಿ ಕೇಳಿ ಬರೀ ಕೈಯಲ್ಲಿ ಹೋದ. ಕೊಚ್ಚಿಹೋದ ಒಡ್ಡನ್ನೂ ಮತ್ತೆ ಕಟ್ಟಿ, ಅಂಗೈಯುದ್ದದ ಮುನ್ನೂರು ಗೆಂಡೆ ಮರಿ ತಂದು ಬಿಟ್ಲು.

ಮಳೆ ಬಂದಿದ್ದು ಬೆಳಿಗ್ಗೆ ಹತ್ತಕ್ಕೆ. ಅಪ್ಪ ಲೋಡ್ ತಗೊಂಡು ಹೊರಗೆ ಹೋಗಿದ್ರು. ಮಳೆ ಅಂದ್ರೆ ಎಂಥಾ ಮಳೆ ಅಂತೀರಿ! ಎದುರು ಮನೆ ಕಾಣ್ತಿಲ್ಲ. ಮೇಲಿನ ಬೀದಿ ಚರಂಡಿ ಕೆಂಪು ನೀರು ತಂದು ದಬದಬ ಅಂತ ಹೊಂಡಕ್ಕೆ ಸುರೀತಿತ್ತು. ನಾನೂ ಅತ್ತೇನೂ ಪ್ಲಾಸ್ಟಿಕ್ ಹಾಳೆ ಹೊದ್ಕೊಂಡು ಕೋಡಿ ಹತ್ರ ನಿಂತ್ವಿ. ಅವಳು ಜರಡಿ ಅಲ್ಲಾಡಿಸ್ತಾಳೆ, ನಾನು ಮೇಲೆ ಬಂದ ಕಸ ಎಳೆದು ಎಸೀತೀನಿ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ನಿಜ ಹೇಳ್ತೀನಿ, ಆ ಜರಡಿ ಕೆಲಸ ಮಾಡಿದ್ದು ನೋಡಿದ್ರೆ ಎಂಜಿನಿಯರ್‌ಗಳು ಬಂದು ಕಲೀಬೇಕು. ಒಂದು ಎಲೆ ನಿಲ್ತಿಲ್ಲ! ನೀರು ಒಡ್ಡಿಗಿಂತ ಒಂದು ಗೇಣು ಕೆಳಗೇ ಇದೆ.

ಆದ್ರೆ ಅತ್ತೆ ಮುಖದಲ್ಲಿ ಖುಷಿ ಇಲ್ಲ.

"ರೇಡಿಯೋ, ಒಂದಾದ್ರೂ ಮೀನು ನೋಡ್ದೇನೇ?"

"ಇಲ್ಲ ಅತ್ತೆ. ಒಳ್ಳೇದೇ ಅಲ್ವಾ?"

"ಹೊರಗೆ ಹೋಗಬೇಕು ಅನ್ನೋ ಮೀನು ಬಂದು ಜರಡಿಗೆ ಡಿಕ್ಕಿ ಹೊಡೀಬೇಕಲ್ವೇ? ಒಂದೂ ಬರ್ತಿಲ್ಲ. ಮುನ್ನೂರು ಮೀನು ಕಣೇ. ಎಲ್ಲಿದಾವೆ?"

ಅವಳು ಜರಡಿ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ಲು. ನಾನೂ ಇಟ್ಟೆ. ನೀರಿನ ನಡುಕ ಬಿಟ್ರೆ ಏನಿಲ್ಲ.

ಅಷ್ಟರಲ್ಲಿ ಮೇಲಿನ ಬೀದಿಯಿಂದ ಕೂಗು. ಅಲ್ಲಿ ಪಂಚರ್ ಅಣ್ಣ ಅಂತ ಇದಾನೆ, ಸೈಕಲ್, ಬೈಕ್‌ಗೆ ಪಂಚರ್ ಹಾಕೋನು. ಅವನ ಗಂಟಲಿಗೆ ಮೈಕ್ ಬೇಡ.

"ಜರಡಿ ಅಕ್ಕಾ! ನಿಮ್ಮ ಮೀನು ನಮ್ಮ ಅಂಗಡಿ ಮುಂದೆ ವಾಕಿಂಗ್ ಬಂದಿದಾವೆ!"

"ಏನೋ ತಮಾಷೆ ಇದು, ಈ ಹೊತ್ತಲ್ಲಿ!"

"ಅಯ್ಯೋ, ನಿಮ್ಮಾಣೆಗೂ! ಬಂದು ನೋಡಿ!"

"ಮೀನು ಕೆಳಗೆ ಹೋಗೋದು ಬಿಟ್ಟು ಮೇಲಕ್ಕೆ ಹೇಗೋ ಬರ್ತವೆ?"

"ಅದನ್ನ ನನ್ನ ಕೇಳ್ತೀರಲ್ಲ ಅಕ್ಕ! ಅವನ್ನೇ ಕೇಳಿ!"

ಓಡಿದ್ವಿ. ಮೇಲಿನ ಬೀದಿ ಅಂದ್ರೆ ಒಂದು ಇಪ್ಪತ್ತು ಹೆಜ್ಜೆ, ಸ್ವಲ್ಪ ಏರು. ಚರಂಡೀಲಿ ನೀರು ಪಾದ ಮುಳುಗೋಷ್ಟು, ಆದ್ರೆ ರಭಸ. ಆ ರಭಸಕ್ಕೆ ಎದುರಾಗಿ ಅತ್ತೆ ಗೆಂಡೆಗಳು ಸಾಲಾಗಿ ಹತ್ತುತಾ ಇದಾವೆ! ಅರ್ಧ ಬೆನ್ನು ನೀರಿನ ಹೊರಗೆ. ಒಂದು ಬಾಲ ಬಡಿದು ಒಂದು ಮೊಳ ಮೇಲೆ ಹೋಗುತ್ತೆ, ನೀರು ಅರ್ಧ ಮೊಳ ಹಿಂದೆ ತಳ್ಳುತ್ತೆ, ಮತ್ತೆ ಬಾಲ ಬಡಿಯುತ್ತೆ. ಒಂದರ ಹಿಂದೆ ಇನ್ನೊಂದು. ಪಂಚರ್ ಅಣ್ಣ ಕೈಗೆ ಸಿಕ್ಕಿದ್ದನ್ನ ಹಿಡಿದು ಹಿಡಿದು, ಟ್ಯೂಬ್ ಮುಳುಗಿಸಿ ಗುಳ್ಳೆ ನೋಡ್ತಾನಲ್ಲ, ಆ ತೊಟ್ಟಿಗೆ ಹಾಕ್ತಿದ್ದ.

ನಾನು ತಲೆ ಮೇಲೆ ಕೈ ಹೊತ್ತೆ. ಅತ್ತೆ? ಅವಳು ಆ ಮಳೇಲಿ ಚರಂಡಿ ಪಕ್ಕ ಕುಕ್ಕರುಗಾಲಲ್ಲಿ ಕೂತೇಬಿಟ್ಲು. ಸಣ್ಣ ಮಕ್ಕಳು ಇರುವೆ ಸಾಲು ನೋಡ್ತಾರಲ್ಲ, ಹಾಗೆ.

"ಅತ್ತೇ! ನೋಡ್ತಾ ಕೂತ್ರೆ ಹೊಂಡ ಖಾಲಿ ಆಗುತ್ತೆ!"

"ತಡಿಯೇ." ಒಂದು ಮೀನಿನ ಹಿಂದೆ ಬೆರಳು ಇಟ್ಲು, ಅದು ಬೆರಳನ್ನ ಒದ್ದು ಮುಂದೆ ಹೋಯ್ತು. "ಹಿಟ್ಟು ಅಂದ್ಕೊಂಡಿದ್ದೆ ಕಣೇ."

"ಏನನ್ನ?"

"ಇವುಗಳನ್ನ. ಮೇಲಿಂದ ಸುರಿದ್ರೆ ಕೆಳಗೆ ಬೀಳುತ್ತೆ, ಕೆಳಗೆ ತಡೆದ್ರೆ ಆಯ್ತು ಅಂತ. ಹಿಟ್ಟಿಗೆ ಬಾಲ ಎಲ್ಲಿರುತ್ತೆ? ಎರಡು ವರ್ಷವೂ ಇವು ಹೋಗಿದ್ದು ಇಲ್ಲಿಂದಾನೇ. ನಾನು ಕೋಡಿ ಕಾಯ್ತಾ ಬೆನ್ನು ತಿರುಗಿಸಿ ನಿಂತಿದ್ದೆ."

ಹೊಸ ನೀರಿನ ವಾಸನೆ ಬಂದ್ರೆ ಮೀನು ಅದಕ್ಕೆ ಎದುರು ಈಜ್ತವೆ ಅಂತ ಆಮೇಲೆ ನಾನು ಫೋನಲ್ಲಿ ಓದಿದೆ. ಅವತ್ತು ನಮಗೆ ಗೊತ್ತಿರ್ಲಿಲ್ಲ. ನಮ್ಮ ಕಣ್ಣಿಗೆ ಕಂಡಿದ್ದು ಅಷ್ಟೇ.

ಎದ್ದು ಕೆಳಗೆ ಓಡಿದ್ಲು. ಚರಂಡಿ ಹೊಂಡಕ್ಕೆ ಸೇರೋ ಬಾಯಲ್ಲಿ ಮೀನು ಗುಂಪುಗಟ್ಟಿ ಕುದೀತಾ ಇದ್ವು. ತಡೆಯೋಕೆ ಏನಿದೆ? ಅತ್ತೆ ಕೋಣೇಲಿ ಆಗ ಇದ್ದ ಜರಡಿಗಳೆಲ್ಲ ಊಟದ ತಟ್ಟೆಯಷ್ಟು. ದೊಡ್ಡದು ಇರೋದು ಒಂದೇ, ಅದು ಕೋಡೀಲಿ.

"ರೇಡಿಯೋ, ಆ ಕಡೆ ಹಿಡಿ. ಎತ್ತೋಣ."

"ಅತ್ತೆ, ಕೋಡಿ ತೆರೆದಿಟ್ರೆ ಇರೋ ಬರೋದೆಲ್ಲ ಅಲ್ಲಿಂದ ಹೋಗಲ್ವಾ? ಆಮೇಲೆ ಒಂದೂ ಉಳಿಯಲ್ಲ. ಅಪ್ಪ ನಾಳೇನೇ ಮಣ್ಣು ಹಾಕ್ಸ್ತಾರೆ!"

"ಬೆಳಿಗ್ಗೆಯಿಂದ ಅಲ್ಲಿಗೆ ಎಷ್ಟು ಬಂದ್ವು?"

"ಒಂದೂ ಇಲ್ಲ."

"ಹಾಗಾದ್ರೆ ಹಿಡಿ."

ಹೇಳೋದೇನೋ ಹೇಳಿದ್ಲು, ಆದ್ರೆ ಚೌಕಟ್ಟು ಎತ್ತೋ ಮುಂಚೆ ಇನ್ನೊಂದು ಸಲ ಕೋಡಿ ನೀರಿಗೆ ಬಗ್ಗಿ ನೋಡಿದ್ಲು. ಪಂಚರ್ ಅಣ್ಣನೂ ಬಂದ. ಮೂರು ಜನ ಸೇರಿ ಎತ್ತಿ, ಒಡ್ಡಿನ ಮೇಲೆ ಜಾರ್ಕೊಂಡು, ಬಿದ್ದು ಎದ್ದು, ಮೇಲಿನ ಬಾಯಿಗೆ ತಂದ್ವಿ. ನಾನು ಹಾಗೇ ಇಡೋಕೆ ಹೋದೆ. "ಅಯ್ಯೋ ಬೆಪ್ಪೇ, ತಿರುಗಿಸು! ಅಲ್ಲಿ ಕಸ ಒಳಗಿಂದ ಬರ್ತಿತ್ತು, ಇಲ್ಲಿ ಹೊರಗಿಂದ ಬರುತ್ತೆ!" ಅಂತ ಅತ್ತೆ ಬೈದ್ಲು. ತಿರುಗಿಸಿ ಓರೆಯಾಗಿ ಒರಗಿಸಿದ್ವಿ. ಎರಡೂ ಪಕ್ಕ ಕಲ್ಲು ಜಡಿದ್ವಿ.

ಸ್ವಲ್ಪ ಹೊತ್ತಿಗೆ ಶುರುವಾಯ್ತು. ಟಪ್. ಟಪ್ ಟಪ್. ಮೀನುಗಳು ಬಂದು ಮೂತಿಯಿಂದ ಬಲೆಗೆ ಗುದ್ದೋದು ಅಂಗೈಗೆ ತಿಳೀತಿತ್ತು. ಬೆಳಿಗ್ಗೆ ಕೋಡೀಲಿ ಒಂದೂ ಇಲ್ಲದ್ದು ಇಲ್ಲಿ ಲೆಕ್ಕವೇ ಸಿಗದಷ್ಟು. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ಲು. ನಾಲ್ಕು ಗಂಟೆಗೆ ಮಳೆ ನಿಲ್ಲೋ ತನಕ ಸರದಿ ಮೇಲೆ ಜರಡಿ ಅಲ್ಲಾಡಿಸಿದ್ವಿ. ಪಂಚರ್ ಅಣ್ಣ ತೊಟ್ಟೀಲಿದ್ದ ಮೀನನ್ನ ತಂದು ಸುರಿದ. "ಒಂದಕ್ಕೂ ಪಂಚರ್ ಆಗಿಲ್ಲ ಅಕ್ಕ, ಮುಳುಗಿಸಿ ನೋಡಿದೀನಿ" ಅಂದ.

ಸಂಜೆ ಅಪ್ಪನಿಗೆ ಹೇಳಿದ್ರೆ ಹೊಟ್ಟೆ ಹುಣ್ಣಾಗೋ ಹಾಗೆ ನಕ್ರು. "ಮೀನು ಏರು ಹತ್ತಿತಾ? ಫಸ್ಟ್ ಗೇರ್‌ನಲ್ಲಾ, ಸೆಕೆಂಡ್ ಗೇರ್‌ನಲ್ಲಾ? ನೀರು ಹೋದ ಕಡೆ ಮೀನು ಹೋಗುತ್ತೆ ಅಕ್ಕ. ನಿನ್ನ ಜೊತೆ ಸೇರಿ ಈ ಹುಡುಗಿಗೂ ತಲೆ ಕೆಟ್ಟಿದೆ."

"ಭಾನುವಾರ ಎಣಿಸು" ಅಂದ್ಲು ಅತ್ತೆ.

ಭಾನುವಾರ ಅಪ್ಪ ಮಣ್ಣಿನ ಟಿಪ್ಪರ್‌ನವನಿಗೆ 'ರೆಡಿ ಇರು' ಅಂತ ಮೊದಲೇ ಫೋನ್ ಮಾಡಿಟ್ಟು, ಲುಂಗಿ ಎತ್ತಿ ಕಟ್ಟಿ ಹೊಂಡಕ್ಕಿಳಿದ್ರು. ಒಂದು ತುದಿ ಬಲೆ ಅವರು, ಇನ್ನೊಂದು ತುದಿ ಪಂಚರ್ ಅಣ್ಣ. ನೀರು ತುಂಬಿದ ಟಬ್‌ಗಳ ಮುಂದೆ ನಾನು. ಅತ್ತೆ ಒಡ್ಡಿನ ಮೇಲೆ ಕೂತು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೋಡ್ತಿದ್ಲು.

ಅಪ್ಪ ಒಂದೊಂದೇ ಎಣಿಸಿ ಟಬ್‌ಗೆ ಬಿಡ್ತಿದ್ರು. ಮೋಸ ಮಾಡೋ ಮನುಷ್ಯ ಅಲ್ಲ. ಅರವತ್ತು. ತೊಂಬತ್ತು. ನೂರ ಹದಿನೈದು. ಪ್ರತಿ ಸಲ ಬಲೆ ಎಳೆದಾಗಲೂ ಸಿಗೋದು ಕಮ್ಮಿ ಆಗ್ತಾ ಬಂತು. ನೂರ ಮೂವತ್ತು. ನೂರ ನಲವತ್ತೊಂದು. ಆಮೇಲೆ ಎರಡು ಸಲ ಎಳೆದ್ರೂ ಗೆಂಡೆ ಇಲ್ಲ.

ಆದ್ರೆ ಬಲೇಲಿ ಬೇರೆ ಏನೋ ಇತ್ತು. ಸಣಕಲು ಮೀನು, ಬೆಳ್ಳಿ ಬಣ್ಣ, ಬಾಲ ಮಾತ್ರ ಕುಂಕುಮದಷ್ಟು ಕೆಂಪು. ಒಂದಲ್ಲ, ಎರಡಲ್ಲ. ಅಪ್ಪ ಅವನ್ನೂ ಟಬ್‌ಗೆ ಹಾಕ್ತಾ ಹೋದ್ರು. ಮೂವತ್ತು.

"ನೂರ ಎಪ್ಪತ್ತೊಂದು!" ಅಂತ ನಾನು ಕಿರುಚಿದೆ. "ಗೆದ್ವಿ!"

"ಏಯ್ ರೇಡಿಯೋ, ಬಂದ್ ಮಾಡು," ಅಂದ್ರು ಅಪ್ಪ. "ಅತ್ತೆ ಬಿಟ್ಟಿದ್ದು ಗೆಂಡೆ. ಇವು ಯಾರ ಮನೆ ನೆಂಟರೋ ಏನೋ. ಇವು ಲೆಕ್ಕಕ್ಕಿಲ್ಲ."

"ಹೊಂಡದಲ್ಲಿ ನೂರೈವತ್ತು ಮೀನು ಸಿಕ್ಕಿದ್ರೆ ಅಂತ ತಾನೆ ಮಾತಾಗಿದ್ದು? ಅವಕ್ಕೆ ಹೆಸರು ಬರೆದಿತ್ತಾ?" ಅಂದೆ ನಾನು.

"ಅಕ್ಕ, ನೀನೇ ಹೇಳು. ಲೆಕ್ಕಕ್ಕಿದೆಯಾ?"

ಅತ್ತೆ ಒಡ್ಡಿಂದ ಇಳಿದು ಬಂದು ಟಬ್ ಮುಂದೆ ಕೂತ್ಲು. ಕೆಂಪು ಬಾಲದ್ದೊಂದನ್ನ ಅಂಗೈಯಲ್ಲಿ ಎತ್ತಿ, ಹೊಟ್ಟೆ ತಿರುಗಿಸಿ ನೋಡಿ, ಮೆಲ್ಲಗೆ ನೀರಿಗೆ ಬಿಟ್ಲು.

"ಇಲ್ಲ ಕಣೋ. ನಾನು ಬಿಟ್ಟಿದ್ದು ಗೆಂಡೆ. ನೂರ ನಲವತ್ತೊಂದೇ. ಒಂಬತ್ತು ಕಮ್ಮಿ. ಮಣ್ಣು ಹಾಕ್ಸು."

ನನಗೆ ಅಳು ಬಂದುಬಿಡ್ತು. ಪಂಚರ್ ಅಣ್ಣ ಬಲೆ ತುದಿ ಕೈಬಿಟ್ಟ. ಅಪ್ಪ ಗೆದ್ದವರು, ಆದ್ರೆ ಮುಖ ನೋಡಿದ್ರೆ ಹಾಗಿರ್ಲಿಲ್ಲ. ಟಬ್ ಹತ್ರ ಬಗ್ಗಿ ಕೆಂಪು ಬಾಲದವನ್ನೇ ನೋಡಿದ್ರು.

"ಅಲ್ಲ ಅಕ್ಕ," ಅಂದ್ರು ಆಮೇಲೆ. "ಇವು ಎಲ್ಲಿಂದ ಬಂದ್ವು?"

"ನನಗೇನು ಗೊತ್ತು? ನಾನು ಬಿಟ್ಟಿಲ್ಲ."

"ಮೇಲಿನ ಚರಂಡೀಲಿ ಮೀನಿರೋಕೆ ಸಾಧ್ಯ ಇಲ್ಲ. ಬೇಸಿಗೇಲಿ ಒಣಗಿ ಬಿರುಕು ಬಿಟ್ಟಿರುತ್ತೆ."

"ಹೌದು."

"ಮತ್ತೆ ಮೀನಿರೋದು ಕೆಳಗಿನ ಹಳ್ಳದಲ್ಲಿ ಮಾತ್ರ. ಅಲ್ಲಿಂದ ಇಲ್ಲಿಗೆ ಅಂದ್ರೆ..." ಅಪ್ಪ ಕೋಡಿ ಕಡೆ ತಿರುಗಿದ್ರು. ಚಪ್ಪಡಿ ಇಳಿಜಾರು, ನನ್ನ ಎತ್ತರದಷ್ಟು ಉದ್ದ, ಪಾಚಿ ಹಿಡಿದು ಮಿರಮಿರ ಅಂತಿದೆ. "ಇದನ್ನ ಹತ್ತಿ ಬಂದ್ವು ಅಂತೀಯಾ? ಸುರಿಯೋ ನೀರಲ್ಲಿ? ಸಾಧ್ಯಾನೇ ಇಲ್ಲ."

"ನಾನು ಏನೂ ಅಂದಿಲ್ಲಪ್ಪ. ಜರಡಿ ತೆಗೆದಿದ್ದೆ ಅಷ್ಟೇ."

ಅಪ್ಪ ಇಳಿಜಾರಿಗೆ ಹೋಗಿ ಎರಡು ಹೆಜ್ಜೆ ಇಟ್ರು, ಜಾರಿ ಕೂತ್ರು. ಎದ್ದು, ಚಪ್ಪಡಿ ಸಂದಿಗೆಲ್ಲ ಬೆರಳು ಹಾಕಿ ನೋಡಿದ್ರು. ಹಳ್ಳದ ತನಕ ಹೋಗಿ ಬಗ್ಗಿ ನೋಡಿ ಬಂದ್ರು. ಮತ್ತೆ ಹೋದ್ರು. ಊಟಕ್ಕೆ ಕರೆದ್ರೆ "ಬಂದೆ" ಅಂದೋರು ಮೂರು ಗಂಟೆ ತನಕ ಬರ್ಲಿಲ್ಲ. ಬಂದೋರು ಕೈಯನ್ನೂ ತೊಳೀದೆ ಟಿಪ್ಪರ್‌ನವನಿಗೆ ಫೋನ್ ಮಾಡಿ, "ಈ ವಾರ ಬೇಡಪ್ಪ. ಇನ್ನೊಂದು ಮಳೆ ಆಗ್ಲಿ" ಅಂದ್ರು. ಅತ್ತೆ ಮಜ್ಜಿಗೆ ಲೋಟದ ಹಿಂದೆ ಮುಖ ಇಟ್ಕೊಂಡಿದ್ಲು, ನಗ್ತಿದ್ಲಾ ಅಂತ ನನಗೆ ಕಾಣ್ಲಿಲ್ಲ.

ಮುಂದಿನ ಮಳೆ ಬಂದಿದ್ದು ಬುಧವಾರ ಮಧ್ಯಾಹ್ನ. ಅತ್ತೆ ಮೇಲಿನ ಬಾಯಲ್ಲಿ ಜರಡಿ ಇಟ್ಟಾಗಿತ್ತು. ಅಷ್ಟರಲ್ಲಿ ಅಪ್ಪ ಲೋಡ್ ಅರ್ಧಕ್ಕೆ ಬಿಟ್ಟು ಬಂದ್ರು. ಟೆಂಪೋನ ಬೀದಿ ನಡುವೆ ಹಾಗೇ ಬಿಟ್ಟು, ಪ್ಯಾಂಟ್ ಮೊಣಕಾಲಿಗೆ ಮಡಚಿ, ಕೋಡಿ ಕೆಳಗೆ ಹಳ್ಳದಲ್ಲಿ ಹೋಗಿ ನಿಂತ್ರು. ನಾನು ಛತ್ರಿ ಕೊಟ್ರೆ ಬೇಡ ಅಂತ ಕೈ ಬೀಸಿದ್ರು.

ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಚಪ್ಪಡಿ ಮೇಲೆ ಕೆಂಪಗೆ ಏನೋ ಮಿಂಚ್ತು. ಹಾರಿತು, ಜಾರಿತು, ಪಕ್ಕಕ್ಕೆ ತೆವಳಿತು, ಮತ್ತೆ ಹಾರಿತು.

"ಅಕ್ಕಾ!" ಅಪ್ಪನ ಧ್ವನಿ ಒಡೆದುಹೋಯ್ತು. "ಅಕ್ಕಾ, ಬಾ ಇಲ್ಲಿ! ಹತ್ತುತಾ ಇದೆ!"

ಬೀದೀಲಿ ಟೆಂಪೋ ಹಿಂದೆ ಮೂರು ಗಾಡಿ ಸಾಲಾಗಿ ನಿಂತು ಹಾರ್ನ್ ಹೊಡೀತಾ ಇದ್ವು. ಅತ್ತೆ ಜರಡಿ ಹಿಡೀನ ನನ್ನ ಕೈಗೆ ಕೊಟ್ಟು, ಒಡ್ಡಿನ ಮೇಲೆ ನಡೆದು ಹೋಗಿ, ತಮ್ಮನ ತಲೆ ಮೇಲೆ ಬಗ್ಗಿ ಕೇಳಿದ್ಲು.

"ಮಣ್ಣು ಯಾವಾಗ ತರಿಸ್ತೀಯೋ?"

"ಶ್ಶ್, ಸುಮ್ನಿರು ಅಕ್ಕ," ಅಂದ್ರು ಅಪ್ಪ, ಚಪ್ಪಡಿಯಿಂದ ಕಣ್ಣು ಕೀಳದೆ. "ಅದರ ಹಿಂದೆ ಇನ್ನೊಂದು ಬರ್ತಿದೆ."